ಸಿರಿಂಜ್ ಬಿದ್ದ ಆರಂಭದ ಪಂದ್ಯ: 2006ರ ಬೇಸ್‌ಬಾಲ್ ಋತು, ಒಂದು ಪುಸ್ತಕ, ಒಂದು ದಾಖಲೆ

2006ರ ಏಪ್ರಿಲ್ 3ರಂದು ಅಮೆರಿಕದ ಸ್ಯಾನ್ ಡಿಯಾಗೋ ನಗರದ ಪೆಟ್ಕೋ ಪಾರ್ಕ್ ಕ್ರೀಡಾಂಗಣದಲ್ಲಿ ಆತಿಥೇಯ ತಂಡದ ಆ ವರ್ಷದ ಬೇಸ್‌ಬಾಲ್ ಋತುವಿನ ಮೊದಲ ಪಂದ್ಯ ನಡೆಯುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡದ ಬ್ಯಾರಿ ಬಾಂಡ್ಸ್ ಲೆಫ್ಟ್ ಫೀಲ್ಡ್‌ನಿಂದ ತಮ್ಮ ತಂಡದವರು ಕೂರುವ ಜಾಗದತ್ತ ಮರಳುತ್ತಿದ್ದಾಗ ಪ್ರೇಕ್ಷಕರ ನಡುವಿನಿಂದ ಪ್ಲಾಸ್ಟಿಕ್ ಸಿರಿಂಜ್ ಒಂದು ಹಾರಿಬಂದು ಅವರ ಹತ್ತಿರ ಬಿತ್ತು. ಅದಕ್ಕೆ ಸೂಜಿ ಇರಲಿಲ್ಲ. ಬಾಂಡ್ಸ್ ಬಗ್ಗಿ, ಚೆಂಡು ಹಿಡಿಯುವ ಕೈಗವಸಿನಲ್ಲೇ ಅದನ್ನು ಎತ್ತಿಕೊಂಡು ಮೈದಾನದ ಹೊರಗೆ ಒಯ್ದರು.

ಇದಕ್ಕೆ ಹನ್ನೊಂದು ದಿನ ಮೊದಲು, ಮಾರ್ಚ್ 23ರಂದು, 'ಗೇಮ್ ಆಫ್ ಶ್ಯಾಡೋಸ್' ಎಂಬ ಪುಸ್ತಕ ಮಾರುಕಟ್ಟೆಗೆ ಬಂದಿತ್ತು. ಬರೆದವರು 'ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್' ಪತ್ರಿಕೆಯ ವರದಿಗಾರರಾದ ಮಾರ್ಕ್ ಫೈನಾರು-ವಾಡಾ ಮತ್ತು ಲ್ಯಾನ್ಸ್ ವಿಲಿಯಮ್ಸ್. ಬಾಂಡ್ಸ್ 1998ರ ಋತು ಮುಗಿದ ಮೇಲೆ ಸ್ಟೀರಾಯ್ಡ್ ಬಳಸತೊಡಗಿದರು, ಮುಂದಿನ ಕೆಲವು ವರ್ಷ ಹಲವು ಬಗೆಯ ಉದ್ದೀಪನ ಮದ್ದುಗಳನ್ನು ವೇಳಾಪಟ್ಟಿ ಹಾಕಿಕೊಂಡು ತೆಗೆದುಕೊಂಡರು ಎಂಬುದು ಪುಸ್ತಕದ ಆರೋಪ. ತಾನು ತಿಳಿದೂ ತಿಳಿದೂ ಅಂಥದ್ದೇನನ್ನೂ ಬಳಸಿಲ್ಲ ಎಂಬುದು ಬಾಂಡ್ಸ್ ಅವರ ವಾದ. ಪುಸ್ತಕ ಬಂದ ಒಂದು ವಾರಕ್ಕೆ, ಮಾರ್ಚ್ 30ರಂದು, ಬೇಸ್‌ಬಾಲ್ ಕಮಿಷನರ್, ಅಂದರೆ ಆಟದ ಆಡಳಿತ ಮುಖ್ಯಸ್ಥ, ಬಡ್ ಸೆಲಿಗ್ ಅವರು ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ನೇತೃತ್ವದಲ್ಲಿ ತನಿಖೆಯೊಂದನ್ನು ಘೋಷಿಸಿದರು. ಆ ಏಪ್ರಿಲ್‌ನಲ್ಲಿ ಎಲ್ಲರೂ ಕೇಳುತ್ತಿದ್ದುದು ಬಾಂಡ್ಸ್ ಮದ್ದು ತೆಗೆದುಕೊಂಡರೋ ಇಲ್ಲವೋ ಎಂದು. ನನ್ನ ಮಟ್ಟಿಗೆ ಅದಕ್ಕಿಂತ ಕುತೂಹಲದ ಪ್ರಶ್ನೆ ಬೇರೆ ಇದೆ: ಎಲ್ಲರಿಗೂ ಗೊತ್ತು ಎಂದು ಊರೆಲ್ಲ ನಂಬಿದ ಸಂಗತಿಯೊಂದು ಪ್ರಯೋಗಾಲಯದಲ್ಲಿ ಸಿಕ್ಕಿಬೀಳದೆ, ಆಟದ ನಿಯಮದಡಿ ಶಿಕ್ಷೆಗೆ ಒಳಗಾಗದೆ, ನ್ಯಾಯಾಲಯದಲ್ಲೂ ನಿಲ್ಲದೆ ಉಳಿದದ್ದು ಹೇಗೆ?

ಇಷ್ಟೆಲ್ಲ ಗದ್ದಲಕ್ಕೆ ಹಿನ್ನೆಲೆಯಲ್ಲಿದ್ದದ್ದು 755 ಎಂಬ ಸಂಖ್ಯೆ. ಬೇಸ್‌ಬಾಲ್‌ನಲ್ಲಿ ಚೆಂಡನ್ನು ನೇರವಾಗಿ ಬೇಲಿಯಾಚೆ ಹೊಡೆದರೆ ಅದು ಹೋಮ್ ರನ್. ನಮ್ಮ ಸಿಕ್ಸರ್‌ಗೆ ಅಣ್ಣ ಎನ್ನಬಹುದು, ಆದರೆ ಬಲು ಅಪರೂಪದ ಅಣ್ಣ; ಮೈದಾನದ ನಡುಭಾಗದಲ್ಲಿ ಬೇಲಿ ಸುಮಾರು 400 ಅಡಿ, ಅಂದರೆ 120 ಮೀಟರಿನಷ್ಟು ದೂರದಲ್ಲಿರುತ್ತದೆ, ಮತ್ತು 162 ಪಂದ್ಯಗಳ ಇಡೀ ಋತುವಿನಲ್ಲಿ 40 ಹೋಮ್ ರನ್ ಬಾರಿಸಿದವರನ್ನು ದೊಡ್ಡ ಹೊಡೆತಗಾರರೆಂದು ಲೆಕ್ಕಿಸುತ್ತಾರೆ. ಬೇಬ್ ರೂತ್ ತಮ್ಮ ವೃತ್ತಿಜೀವನದಲ್ಲಿ ಬಾರಿಸಿದ್ದು 714. ಅದನ್ನು 1974ರಲ್ಲಿ ಹ್ಯಾಂಕ್ ಆರನ್ ಮುರಿದರು. ಬಿಳಿಯನ ದಾಖಲೆಯನ್ನು ಕರಿಯನೊಬ್ಬ ಮುರಿಯುವುದೇ ಎಂದು ಬಂದ ಕೊಲೆ ಬೆದರಿಕೆಯ ಪತ್ರಗಳ ನಡುವೆ ಮುರಿದು, 755ಕ್ಕೆ ನಿಲ್ಲಿಸಿದರು. ಬ್ರಾಡ್ಮನ್ನರ 99.94 ಕ್ರಿಕೆಟ್ ಬಲ್ಲವರಿಗೆ ಹೇಗೋ ಹಾಗೆ ಅಮೆರಿಕದ ಬೇಸ್‌ಬಾಲ್ ಪ್ರೇಮಿಗೆ ಈ ಎರಡು ಸಂಖ್ಯೆಗಳು ಬಾಯಿಪಾಠ. 2006ರ ಋತು ಆರಂಭವಾದಾಗ ಬಾಂಡ್ಸ್ 708ರಲ್ಲಿದ್ದರು. ರೂತ್ ಅವರನ್ನು ದಾಟುವುದು ಕೆಲವೇ ವಾರಗಳ ಮಾತಾಗಿತ್ತು, ಆರನ್ ಅವರನ್ನು ಮುಟ್ಟುವುದು ಬಹುಶಃ ಮರುವರ್ಷ. ಹಾಗಾಗಿ ಪುಸ್ತಕ ಬಂದ ಹೊತ್ತು ಬಾಂಡ್ಸ್ ಪಾಲಿಗೆ ತೀರಾ ಕೆಟ್ಟದ್ದಾಗಿತ್ತು, ಪ್ರಕಾಶಕರ ಪಾಲಿಗೆ ತೀರಾ ಒಳ್ಳೆಯದಾಗಿತ್ತು.

ಸ್ಟೀರಾಯ್ಡ್ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಇಲ್ಲಿ ಹೇಳುತ್ತಿರುವುದು ಪುರುಷ ಹಾರ್ಮೋನಾದ ಟೆಸ್ಟೊಸ್ಟೆರಾನ್ ಮತ್ತು ಅದನ್ನೇ ಹೋಲುವ ಕೃತಕ ಅಣುಗಳ ಬಗ್ಗೆ. ಇವು ಸ್ನಾಯುವಿನ ಜೀವಕೋಶಗಳು ಹೆಚ್ಚು ಪ್ರೋಟೀನ್ ಕಟ್ಟುವಂತೆ ಪ್ರಚೋದಿಸುತ್ತವೆ. ಭಾರ ಎತ್ತುವ ವ್ಯಾಯಾಮ ಜೊತೆಗಿದ್ದರೆ ಸ್ನಾಯು ಬೇಗ ಬೆಳೆಯುತ್ತದೆ. ದಣಿದ ದೇಹ ಬೇಗ ಚೇತರಿಸಿಕೊಳ್ಳುವುದರಿಂದ ಇಂದು ಮಾಡಿದ ಕಠಿಣ ವ್ಯಾಯಾಮವನ್ನು ನಾಳೆಯೂ ಮಾಡಬಹುದು ಎಂದು ಬಳಸಿದವರು ಹೇಳುತ್ತಾರೆ. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡನ್ನು ಗುರುತಿಸುವ ಕಣ್ಣನ್ನಾಗಲಿ, ಅದಕ್ಕೆ ಸರಿಯಾಗಿ ಬ್ಯಾಟ್ ಒಡ್ಡುವ ಲಯವನ್ನಾಗಲಿ ಯಾವ ಮದ್ದೂ ಕೊಡುವುದಿಲ್ಲ ಎಂಬ ಬಾಂಡ್ಸ್ ಬೆಂಬಲಿಗರ ಮಾತು ನಿಜವೇ. ಆದರೆ ಆ ಕಣ್ಣು, ಆ ಲಯ ಮೊದಲೇ ಇರುವವನಿಗೆ ಅಷ್ಟಿಷ್ಟು ಬಲ ಹೆಚ್ಚಾದರೂ ಲೆಕ್ಕ ಬದಲಾಗುತ್ತದೆ. ಏಕೆಂದರೆ ಬೇಲಿಯ ಬುಡದವರೆಗೆ ಹೋಗಿ ಕ್ಯಾಚ್ ಆಗುವ ಚೆಂಡುಗಳೂ ಇರುತ್ತವೆ. ಪ್ರತಿ ಹೊಡೆತವೂ ಹತ್ತು ಅಡಿ ದೂರ ಹೋದರೆ ಔಟ್ ಆಗಬೇಕಾಗಿದ್ದ ಎಷ್ಟೋ ಹೊಡೆತಗಳು ಹೋಮ್ ರನ್ ಆಗುತ್ತವೆ. ಬಲದಲ್ಲಿ ಆದ ಸಣ್ಣ ಏರಿಕೆ ಹೋಮ್ ರನ್ ಎಣಿಕೆಯಲ್ಲಿ ಹಿಗ್ಗಿ ಕಾಣಿಸುವುದು ಹೀಗೆ.

ಬಾಂಡ್ಸ್ 1998ರ ಮೊದಲೇ ಮೂರು ಬಾರಿ ತಮ್ಮ ಲೀಗಿನ ವರ್ಷದ ಅತ್ಯಮೂಲ್ಯ ಆಟಗಾರರೆನಿಸಿಕೊಂಡಿದ್ದವರು. ಆಗಲೇ ಆಟ ಬಿಟ್ಟಿದ್ದರೂ ಅವರ ಹೆಸರು ಶಾಶ್ವತವಾಗಿ ಉಳಿಯುತ್ತಿತ್ತು. ಅಂಥವರಿಗೆ ಮದ್ದು ಯಾಕೆ ಬೇಕಿತ್ತು? ಪುಸ್ತಕ ಕೊಡುವ ಉತ್ತರ ಅಸೂಯೆ. 1998ರಲ್ಲಿ ಮಾರ್ಕ್ ಮೆಗ್ವೈರ್ 70 ಹೋಮ್ ರನ್, ಸ್ಯಾಮಿ ಸೋಸಾ 66 ಹೋಮ್ ರನ್ ಬಾರಿಸಿ, ರೋಜರ್ ಮ್ಯಾರಿಸ್ 1961ರಲ್ಲಿ ಸ್ಥಾಪಿಸಿದ್ದ 61ರ ದಾಖಲೆಯನ್ನು ಇಬ್ಬರೂ ದಾಟಿದ್ದರು. ಇಡೀ ದೇಶ ಅವರನ್ನು ಹೊತ್ತು ಮೆರೆಸುತ್ತಿದ್ದಾಗ ಸರ್ವಾಂಗೀಣ ಆಟಗಾರನಾದ ಬಾಂಡ್ಸ್ ಕಡೆ ತಿರುಗಿ ನೋಡುವವರಿರಲಿಲ್ಲ. 2001ರಲ್ಲಿ ಬಾಂಡ್ಸ್ 73 ಬಾರಿಸಿದರು. ಆಗ ಅವರ ವಯಸ್ಸು 37; ಹೆಚ್ಚಿನ ಆಟಗಾರರು ಇಳಿಮುಖವಾಗುವ ವಯಸ್ಸು.

ಇನ್ನು ಪ್ರಯೋಗಾಲಯದ ಕಥೆ. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಹತ್ತಿರದ ಬರ್ಲಿಂಗೇಮ್‌ನಲ್ಲಿ ವಿಕ್ಟರ್ ಕಾಂಟೆ ಎಂಬುವರು ನಡೆಸುತ್ತಿದ್ದ 'ಬಾಲ್ಕೊ' ಎಂಬ ಸಂಸ್ಥೆ ಹೊರಗೆ ಪೌಷ್ಟಿಕಾಂಶ ಪರೀಕ್ಷೆಯ ಫಲಕ ಹಾಕಿಕೊಂಡು ಒಳಗೆ ಓಟಗಾರರು, ಫುಟ್ಬಾಲ್ ಆಟಗಾರರು, ಬೇಸ್‌ಬಾಲ್ ಆಟಗಾರರಿಗೆ ಎರಡು ವಿಶೇಷ ಪದಾರ್ಥಗಳನ್ನು ಪೂರೈಸುತ್ತಿತ್ತು. ಅವರ ಮಾತಿನಲ್ಲಿ ಒಂದರ ಹೆಸರು 'ಕ್ಲಿಯರ್', ಇನ್ನೊಂದು 'ಕ್ರೀಮ್'. ಎರಡೂ ಪರೀಕ್ಷೆಯನ್ನು ಎರಡು ಬೇರೆ ದಾರಿಯಲ್ಲಿ ವಂಚಿಸುತ್ತಿದ್ದವು.

ಕ್ಲಿಯರ್ ಎಂದರೆ ನಾಲಿಗೆಯ ಕೆಳಗೆ ಕೆಲವು ಹನಿ ಹಾಕಿಕೊಳ್ಳುವ ದ್ರವ. ಅದರಲ್ಲಿದ್ದದ್ದು ಪ್ಯಾಟ್ರಿಕ್ ಆರ್ನಾಲ್ಡ್ ಎಂಬ ರಸಾಯನಶಾಸ್ತ್ರಜ್ಞರು ತಯಾರಿಸಿದ ಟೆಟ್ರಾಹೈಡ್ರೊಜೆಸ್ಟ್ರಿನೋನ್, ಚಿಕ್ಕದಾಗಿ ಟಿಎಚ್‌ಜಿ. ಉದ್ದೀಪನ ಮದ್ದಿನ ಪರೀಕ್ಷೆಯನ್ನು ಪೊಲೀಸರ ಬಳಿ ಇರುವ ಹಳೆಯ ಕಳ್ಳರ ಫೋಟೊ ಆಲ್ಬಮ್‌ಗೆ ಹೋಲಿಸಬಹುದು: ಆಲ್ಬಮ್‌ನಲ್ಲಿ ಇಲ್ಲದ ಮುಖ ಎದುರಿಗೆ ಬಂದು ನಿಂತರೂ ಗುರುತು ಸಿಗುವುದಿಲ್ಲ. ಟಿಎಚ್‌ಜಿ ಯಾವ ಔಷಧ ಕಂಪನಿಯ ಪಟ್ಟಿಯಲ್ಲೂ ಇಲ್ಲದ ಹೊಸ ಅಣು. ಸಾಲದ್ದಕ್ಕೆ, ಆಗ ರೂಢಿಯಲ್ಲಿದ್ದ ವಿಧಾನದಲ್ಲಿ ಮೂತ್ರದ ಮಾದರಿಯನ್ನು ಯಂತ್ರಕ್ಕೆ ಹಾಕುವ ಮುನ್ನ ರಾಸಾಯನಿಕವಾಗಿ ಹದಗೊಳಿಸಿ ಬಿಸಿಮಾಡುವಾಗ ಈ ಅಣು ತಾನೇ ಒಡೆದುಹೋಗುತ್ತಿತ್ತು. ಹುಡುಕುವ ಕ್ರಿಯೆಯೇ ಕುರುಹನ್ನು ಅಳಿಸುತ್ತಿತ್ತು.

ಕ್ರೀಮ್‌ನ ಉಪಾಯ ಇನ್ನೂ ಸರಳ, ನನಗೆ ಕೇಳಿದರೆ ಇನ್ನೂ ಜಾಣತನದ್ದು. ಟೆಸ್ಟೊಸ್ಟೆರಾನ್ ಎಲ್ಲರ ದೇಹದಲ್ಲೂ ಇರುವುದರಿಂದ ಅದು ಸಿಕ್ಕಿತು ಎಂದ ಮಾತ್ರಕ್ಕೆ ಯಾರನ್ನೂ ಹಿಡಿಯುವಂತಿಲ್ಲ. ಹಾಗಾಗಿ ಪರೀಕ್ಷಕರು ಅದನ್ನು ಎಪಿಟೆಸ್ಟೊಸ್ಟೆರಾನ್ ಎಂಬ ಅದರ ಜೋಡಿ ಪದಾರ್ಥದೊಂದಿಗೆ ಹೋಲಿಸುತ್ತಾರೆ. ಸಾಮಾನ್ಯ ಮನುಷ್ಯನಲ್ಲಿ ಇವೆರಡೂ ಹೆಚ್ಚು ಕಡಿಮೆ ಸಮವಾಗಿರುತ್ತವೆ. ಹೊರಗಿನಿಂದ ಟೆಸ್ಟೊಸ್ಟೆರಾನ್ ಸೇರಿದರೆ ಒಂದೇ ತಟ್ಟೆ ಭಾರವಾಗಿ ತಕ್ಕಡಿ ವಾಲುತ್ತದೆ. ಆ ಕಾಲಕ್ಕೆ ಅನುಪಾತ 6ಕ್ಕೆ 1 ದಾಟಿದರೆ ಅನುಮಾನ. ಬಾಲ್ಕೊದ ಕ್ರೀಮ್‌ನಲ್ಲಿ ಎರಡನ್ನೂ ಬೆರೆಸಿಯೇ ಇಟ್ಟಿದ್ದರು. ಮೈಗೆ ಹಚ್ಚಿಕೊಂಡರೆ ಎರಡೂ ತಟ್ಟೆ ಒಟ್ಟಿಗೆ ಏರುತ್ತಿದ್ದವು, ಮುಳ್ಳು ಅಲ್ಲಾಡುತ್ತಿರಲಿಲ್ಲ.

ಈ ಗುಟ್ಟು ಬಯಲಾದದ್ದು ವಿಜ್ಞಾನದ ಬಲದಿಂದಲ್ಲ, ಹೊಟ್ಟೆಕಿಚ್ಚಿನಿಂದ. 2003ರ ಜೂನ್‌ನಲ್ಲಿ ಬಾಲ್ಕೊ ಗಿರಾಕಿಗಳಿಗೆ ಎದುರಾಳಿಗಳಾಗಿದ್ದ ಓಟಗಾರರ ಕೋಚ್ ಟ್ರೆವರ್ ಗ್ರಹಾಂ ಅವರು, ಬಳಸಿ ಬಿಟ್ಟಿದ್ದ ಸಿರಿಂಜೊಂದನ್ನು ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಗೆ ಕಳಿಸಿಕೊಟ್ಟರು. ಅದರ ತಳದಲ್ಲಿ ಅಂಟಿದ್ದ ಶೇಷವನ್ನು ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಡಾನ್ ಕ್ಯಾಟ್ಲಿನ್ ಅವರ ತಂಡ ಬಿಡಿಸಿ, ಅಣುವಿನ ರಚನೆ ಕಂಡುಹಿಡಿದು, ಅದನ್ನು ಪತ್ತೆ ಮಾಡುವ ಪರೀಕ್ಷೆಯನ್ನೂ ರೂಪಿಸಿತು. (ಈ ಗ್ರಹಾಂ ಅವರೇ ಮುಂದೆ ತನಿಖಾಧಿಕಾರಿಗಳಿಗೆ ಸುಳ್ಳು ಹೇಳಿದ್ದಕ್ಕೆ ತಪ್ಪಿತಸ್ಥರಾದರು.) ಅಷ್ಟರಲ್ಲಿ ತೆರಿಗೆ ಇಲಾಖೆಯ ಅಧಿಕಾರಿ ಜೆಫ್ ನೊವಿಟ್ಸ್ಕಿ ಬಾಲ್ಕೊ ಹೊರಗಿಡುತ್ತಿದ್ದ ಕಸದ ಚೀಲಗಳನ್ನು ರಾತ್ರಿ ಹೊತ್ತು ಒಯ್ದು ಕೆದಕಿ, ಖಾಲಿ ಸಿರಿಂಜು, ಔಷಧದ ಪೊಟ್ಟಣ, ಪತ್ರಗಳನ್ನು ಒಟ್ಟು ಮಾಡುತ್ತಿದ್ದರು. ಸೆಪ್ಟೆಂಬರ್ 3ರಂದು ದಾಳಿ ನಡೆಯಿತು. ಬಾಂಡ್ಸ್ ಅವರ ಬಾಲ್ಯದ ಗೆಳೆಯರೂ ವ್ಯಾಯಾಮ ತರಬೇತುದಾರರೂ ಆಗಿದ್ದ ಗ್ರೆಗ್ ಆಂಡರ್ಸನ್ ಅವರ ಮನೆಯನ್ನೂ ಶೋಧಿಸಿದರು.

ಅಲ್ಲಿಂದ ಕಥೆ ಗ್ರ್ಯಾಂಡ್ ಜೂರಿಯ ಮುಂದೆ ಹೋಗುತ್ತದೆ. ಜೂರಿ ಪದ್ಧತಿಯನ್ನೇ ಕೈಬಿಟ್ಟಿರುವ ನಮಗೆ ಇದು ಹೊಸದು. ಆರೋಪಪಟ್ಟಿ ಸಲ್ಲಿಸುವಷ್ಟು ಪುರಾವೆ ಇದೆಯೇ ಎಂದು ನಿರ್ಧರಿಸಲು ಸಾಮಾನ್ಯ ನಾಗರಿಕರ ಗುಂಪೊಂದು ಮುಚ್ಚಿದ ಕೋಣೆಯಲ್ಲಿ ಸಾಕ್ಷ್ಯ ಕೇಳುತ್ತದೆ. ಅಲ್ಲಿ ನಡೆದದ್ದು ಗುಟ್ಟು. ಸರ್ಕಾರ ಬೆನ್ನು ಹತ್ತಿದ್ದುದು ಮದ್ದು ಪೂರೈಸಿದವರನ್ನು. ಆದ್ದರಿಂದ ಆಟಗಾರರಿಗೆ ನಿಜ ಹೇಳಿದರೆ ನಿಮ್ಮ ಮೇಲೆ ಮೊಕದ್ದಮೆ ಇಲ್ಲ, ಸುಳ್ಳು ಹೇಳಿದರೆ ಮಾತ್ರ ಉಂಟು ಎಂಬ ಅಭಯ ನೀಡಲಾಗಿತ್ತು. 2003ರ ಡಿಸೆಂಬರ್‌ನಲ್ಲಿ ಸಾಕ್ಷಿ ನುಡಿದ ಬಾಂಡ್ಸ್, ಆಂಡರ್ಸನ್ ಕೊಟ್ಟ ದ್ರವವನ್ನೂ ಮುಲಾಮನ್ನೂ ಬಳಸಿದ್ದುಂಟು, ಆದರೆ ಒಂದು ಅಗಸೆ ಎಣ್ಣೆ, ಇನ್ನೊಂದು ಸಂಧಿನೋವಿನ ಮುಲಾಮು ಎಂದು ತಿಳಿದಿದ್ದೆ ಎಂದರು. ಒಂದು ವರ್ಷದ ನಂತರ ಈ ಮುಚ್ಚಿದ ಕೋಣೆಯ ಮಾತು 'ಕ್ರಾನಿಕಲ್' ಪತ್ರಿಕೆಯ ಮುಖಪುಟದಲ್ಲಿತ್ತು. 'ಗೇಮ್ ಆಫ್ ಶ್ಯಾಡೋಸ್' ಹುಟ್ಟಿದ್ದು ಆ ವರದಿಗಳಿಂದ.

ಪುಸ್ತಕ ಬಂದ ಬೆನ್ನಲ್ಲೇ ಬಾಂಡ್ಸ್ ನ್ಯಾಯಾಲಯಕ್ಕೆ ಹೋದರು. ಅವರ ದಾವೆಯನ್ನು ಗಮನವಿಟ್ಟು ನೋಡಬೇಕು: ಅದು ಮಾನಹಾನಿಯ ದಾವೆ ಆಗಿರಲಿಲ್ಲ. ಗೋಪ್ಯ ದಾಖಲೆಗಳನ್ನು ಕಾನೂನುಬಾಹಿರವಾಗಿ ಪಡೆದು ಬರೆದ ಪುಸ್ತಕದಿಂದ ಲೇಖಕರೂ ಪ್ರಕಾಶಕರೂ ಲಾಭ ಮಾಡಿಕೊಳ್ಳಬಾರದು ಎಂಬುದಷ್ಟೇ ಅವರ ಬೇಡಿಕೆ. ಬರೆದದ್ದು ಸುಳ್ಳು ಎಂಬ ಮಾತಿನ ಮೇಲೆ ಅದು ನಿಂತಿರಲಿಲ್ಲ. ಕೆಲವು ತಿಂಗಳಲ್ಲಿ ಅದನ್ನು ಅವರೇ ಹಿಂದಕ್ಕೆ ಪಡೆದರು. ಲೇಖಕರಿಗೆ ನಿಜವಾದ ಅಪಾಯ ಬಂದದ್ದು ಸರ್ಕಾರದ ಕಡೆಯಿಂದ. ದಾಖಲೆ ಕೊಟ್ಟವರ ಹೆಸರು ಹೇಳಲು ನಿರಾಕರಿಸಿದ್ದಕ್ಕೆ 2006ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶರೊಬ್ಬರು ಇಬ್ಬರಿಗೂ 18 ತಿಂಗಳವರೆಗಿನ ಸೆರೆವಾಸ ವಿಧಿಸಿದರು. ಮೇಲ್ಮನವಿ ಬಾಕಿಯಿದ್ದಾಗ, 2007ರ ಫೆಬ್ರವರಿಯಲ್ಲಿ, ಬಾಲ್ಕೊ ಪ್ರಕರಣದ ಆರೋಪಿಗಳ ಪರ ವಾದಿಸಿದ್ದ ವಕೀಲ ಟ್ರಾಯ್ ಎಲರ್ಮನ್ ತಾವೇ ದಾಖಲೆ ತೋರಿಸಿದ್ದಾಗಿ ಒಪ್ಪಿಕೊಂಡದ್ದರಿಂದ ವರದಿಗಾರರು ಬಚಾವಾದರು. ಮದ್ದು ಹಂಚಿದ ಕಾಂಟೆಗೆ ಆದ ಸೆರೆವಾಸ ನಾಲ್ಕು ತಿಂಗಳು, ಆಂಡರ್ಸನ್‌ಗೆ ಮೂರು ತಿಂಗಳು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಆ 18ರ ತೂಕ ತಿಳಿಯುತ್ತದೆ.

ಇಷ್ಟು ಗೊತ್ತಿದ್ದ ಮೇಲೆ ಬೇಸ್‌ಬಾಲ್ ಆಡಳಿತವೇ ಕ್ರಮ ಕೈಗೊಳ್ಳಬಹುದಿತ್ತಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಒಲಿಂಪಿಕ್ ಕ್ರೀಡೆಗಳ ಲೋಕದಲ್ಲಾದರೆ ದೇಹದಲ್ಲಿ ಏನು ಸಿಕ್ಕಿದರೂ ಹೊಣೆ ಕ್ರೀಡಾಪಟುವಿನದೇ. 2010ರ ಕಾಮನ್‌ವೆಲ್ತ್ ಮತ್ತು ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಭಾರತದ ರಿಲೇ ಓಟಗಾರ್ತಿಯರಲ್ಲಿ ಕೆಲವರು, ಅವರಲ್ಲಿ ನಮ್ಮ ಉಡುಪಿ ಜಿಲ್ಲೆಯವರೂ ಒಬ್ಬರು, 2011ರಲ್ಲಿ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ, ಕೋಚ್ ತಂದುಕೊಟ್ಟ ಪೂರಕ ಆಹಾರದಲ್ಲಿ ಅದು ಇತ್ತು, ನಮಗೆ ಗೊತ್ತಿರಲಿಲ್ಲ ಎಂದು ಹೇಳಿದರು. ಆದರೂ ಎರಡು ವರ್ಷದ ನಿಷೇಧ ತಪ್ಪಲಿಲ್ಲ. ಬಾಂಡ್ಸ್ ಅವರ ಅಗಸೆ ಎಣ್ಣೆಯ ಮಾತು ಆ ಲೋಕದಲ್ಲಿ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ.

ಆದರೆ ಅಮೆರಿಕದ ಬೇಸ್‌ಬಾಲ್ ಒಂದು ಉದ್ಯಮ. ಅಲ್ಲಿ ಮಾಲೀಕರೂ ಬಲಿಷ್ಠವಾದ ಕಾರ್ಮಿಕ ಸಂಘವೂ ಇವೆ. ಕಾರ್ಖಾನೆಯ ಆಡಳಿತ ಸಂಘವನ್ನು ಕೇಳದೆ ಸೇವಾ ಷರತ್ತು ಬದಲಿಸಲು ಆಗದ ಹಾಗೆ, ಇಲ್ಲಿ ಆಟಗಾರರ ಸಂಘ ಸಹಿ ಹಾಕದೆ ಯಾರ ಮೂತ್ರದ ಮಾದರಿಯನ್ನೂ ಕೇಳುವಂತಿಲ್ಲ. 1991ರಲ್ಲಿ ಆಗಿನ ಕಮಿಷನರ್ ಫೇ ವಿನ್ಸೆಂಟ್ ಸ್ಟೀರಾಯ್ಡ್ ನಿಷಿದ್ಧ ಎಂದು ಸುತ್ತೋಲೆ ಹೊರಡಿಸಿದ್ದರು. ಪರೀಕ್ಷೆಯ ವ್ಯವಸ್ಥೆ ಇಲ್ಲದ್ದರಿಂದ ಅದು ಗೋಡೆಯ ಮೇಲಿನ 'ಇಲ್ಲಿ ಉಗುಳಬಾರದು' ಫಲಕದಂತಾಯಿತು. 1994ರಲ್ಲಿ ಆಟಗಾರರ ಮುಷ್ಕರದಿಂದ ಋತುವಿನ ಕೊನೆಗೆ ಚಾಂಪಿಯನ್ನರನ್ನು ನಿರ್ಧರಿಸುವ ವಿಶ್ವ ಸರಣಿಯೇ ರದ್ದಾಗಿ ಪ್ರೇಕ್ಷಕರು ಮುನಿಸಿಕೊಂಡರು. ಅವರನ್ನು ಮತ್ತೆ ಮೈದಾನಕ್ಕೆ ಕರೆತಂದದ್ದು 1998ರ ಮೆಗ್ವೈರ್–ಸೋಸಾ ಪೈಪೋಟಿ. ಆ ಬೇಸಿಗೆಯಲ್ಲಿ ವರದಿಗಾರರೊಬ್ಬರು ಮೆಗ್ವೈರ್ ಅವರ ಲಾಕರ್‌ನಲ್ಲಿ ಆಂಡ್ರೊ ಎಂಬ ಹಾರ್ಮೋನ್ ಪೂರಕದ ಬಾಟಲಿ ನೋಡಿ ಬರೆದಾಗ ಜನ ಸಿಟ್ಟಾದದ್ದು ಮುಖ್ಯವಾಗಿ ಆ ವರದಿಗಾರನ ಮೇಲೆ. ಆಗ ಅದು ಅಂಗಡಿಯಲ್ಲಿ ಮುಕ್ತವಾಗಿ ಸಿಗುತ್ತಿತ್ತು, ಬೇಸ್‌ಬಾಲ್‌ನಲ್ಲಿ ನಿಷೇಧವೂ ಇರಲಿಲ್ಲ. ಆ ಆಂಡ್ರೊವನ್ನು ಅಮೆರಿಕದ ಮಾರುಕಟ್ಟೆಗೆ ತಂದವರೂ ಕ್ಲಿಯರ್ ತಯಾರಿಸಿದ ಪ್ಯಾಟ್ರಿಕ್ ಆರ್ನಾಲ್ಡ್ ಅವರೇ.

ಪರೀಕ್ಷೆಗೆ ಸಂಘ ಒಪ್ಪಿದ್ದು 2002ರಲ್ಲಿ, ಅದೂ ವಿಚಿತ್ರ ಷರತ್ತಿನೊಂದಿಗೆ. 2003ರಲ್ಲಿ ಹೆಸರು ಬಹಿರಂಗಪಡಿಸದೆ, ಯಾರಿಗೂ ಶಿಕ್ಷೆ ಕೊಡದೆ, ಎಷ್ಟು ಮಂದಿ ಬಳಸುತ್ತಿದ್ದಾರೆ ಎಂದು ಎಣಿಸಬೇಕು. ಶೇ 5ಕ್ಕಿಂತ ಹೆಚ್ಚಾದರೆ ಮಾತ್ರ ಮರುವರ್ಷದಿಂದ ನಿಜವಾದ ಪರೀಕ್ಷೆ. ಆ ವರ್ಷ ಪರೀಕ್ಷೆ ಇದೆ ಎಂದು ಎಲ್ಲ ಆಟಗಾರರಿಗೂ ಮೊದಲೇ ಗೊತ್ತಿತ್ತು, ಆದರೂ ಶೇ 5 ದಾಟಿತು! 2004ರಲ್ಲಿ ಮೊದಲ ಬಾರಿ ಸಿಕ್ಕಿದವರಿಗೆ ಹೆಸರೂ ಹೇಳದೆ ಚಿಕಿತ್ಸೆ. 2005ರಲ್ಲಿ ಹತ್ತು ದಿನಗಳ ಅಮಾನತು. ಆ ವರ್ಷದ ಆರಂಭದಲ್ಲಿ ಮಾಜಿ ಆಟಗಾರ ಹೊಸೆ ಕ್ಯಾನ್ಸೆಕೊ 'ಜೂಸ್ಡ್' ಎಂಬ ಪುಸ್ತಕದಲ್ಲಿ ತಾನೂ ಬಳಸಿದೆ, ಇವರಿವರೂ ಬಳಸಿದರು ಎಂದು ಹೆಸರು ಹಿಡಿದು ಬರೆದರು. ಮಾರ್ಚ್ 17ರಂದು ಸಂಸದೀಯ ಸಮಿತಿ ಆಟಗಾರರನ್ನು ಕರೆಸಿತು. ಅಲ್ಲಿ ರಫೇಲ್ ಪಲ್ಮೇರೊ ಬೆರಳು ತೋರಿಸಿ, ತಾನು ಎಂದೂ ಬಳಸಿಲ್ಲ ಎಂದು ಪ್ರಮಾಣ ಮಾಡಿ ಹೇಳಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಅಮಾನತಾದರು. ಸಂಸತ್ತು ಕಾನೂನು ಮಾಡುವ ಬೆದರಿಕೆ ಹಾಕಿದ ಮೇಲೆ ಮೊದಲ ತಪ್ಪಿಗೆ 50 ಪಂದ್ಯ, ಎರಡನೆಯದಕ್ಕೆ 100, ಮೂರನೆಯದಕ್ಕೆ ಆಜೀವ ನಿಷೇಧ ಎಂಬ ನಿಯಮ ಬಂತು. ಅದು ಜಾರಿಯಾದ ಮೊದಲ ಋತುವೇ 2006.

ಪುಸ್ತಕ ಹೇಳಿದ ಕಾಲಕ್ಕೂ ನಿಯಮ ಹುಟ್ಟಿದ ಕಾಲಕ್ಕೂ ಇದ್ದ ಈ ಅಂತರದಲ್ಲೇ ಎಲ್ಲ ಗೊಂದಲವೂ ಇದೆ. 2001ರ 73 ಹೋಮ್ ರನ್‌ಗಳ ಋತುವಿನಲ್ಲಿ ಯಾವ ಪರೀಕ್ಷೆಯೂ ಇರಲಿಲ್ಲ, ಶಿಕ್ಷೆಯ ಪಟ್ಟಿಯೂ ಇರಲಿಲ್ಲ. ಪರೀಕ್ಷೆ ಬಂದ ಮೇಲೆ ಬಾಂಡ್ಸ್ ಸ್ಟೀರಾಯ್ಡ್‌ಗಾಗಿ ಅಮಾನತಾಗಲಿಲ್ಲ. ಮಿಚೆಲ್ ತನಿಖೆಗೂ ಆರಂಭದಲ್ಲಿ 2002ರ ಸೆಪ್ಟೆಂಬರ್ ನಂತರದ ಸಂಗತಿಗಳ ಮಿತಿಯನ್ನೇ ಹಾಕಲಾಗಿತ್ತು, ಬೇಕಾದರೆ ಹಿಂದಕ್ಕೆ ಹೋಗಬಹುದೆಂಬ ಅವಕಾಶದೊಂದಿಗೆ. ಮಿಚೆಲ್ ಅವರಿಗೆ ಯಾರನ್ನೂ ಬಲವಂತವಾಗಿ ಕರೆಸುವ ಅಧಿಕಾರ ಇರಲಿಲ್ಲ. ಅವರು ಬಾಸ್ಟನ್ ರೆಡ್ ಸಾಕ್ಸ್ ತಂಡದ ನಿರ್ದೇಶಕರೂ, ಬೇಸ್‌ಬಾಲ್ ಪ್ರಸಾರ ಮಾಡುವ ಇಎಸ್‌ಪಿಎನ್ ವಾಹಿನಿಯನ್ನು ಹೊಂದಿದ್ದ ಡಿಸ್ನಿ ಕಂಪನಿಯ ಅಧ್ಯಕ್ಷರೂ ಆಗಿದ್ದರು ಎಂಬ ಟೀಕೆ ಮೊದಲ ದಿನದಿಂದಲೇ ಇತ್ತು. ಅವರ ಪ್ರಾಮಾಣಿಕತೆಯ ಬಗ್ಗೆ ಅನುಮಾನಪಡದೆಯೂ ಆ ಟೀಕೆ ನ್ಯಾಯವೇ ಎನ್ನಬೇಕಾಗುತ್ತದೆ. 2007ರ ಡಿಸೆಂಬರ್ 13ರಂದು ಬಂದ 409 ಪುಟಗಳ ವರದಿ 89 ಆಟಗಾರರನ್ನು ಹೆಸರಿಸಿತು. ಅದರ ಬಹುಪಾಲು ಮಾಹಿತಿ ಬಂದದ್ದು ನ್ಯೂಯಾರ್ಕ್ ಮೆಟ್ಸ್ ತಂಡದ ಡ್ರೆಸಿಂಗ್ ರೂಮಿನಲ್ಲಿ ಕೆಲಸಕ್ಕಿದ್ದ, ಆಟಗಾರರಿಗೆ ಮದ್ದು ಒದಗಿಸುತ್ತಿದ್ದ ಕರ್ಕ್ ರಾಡೊಮ್ಸ್ಕಿ ಅವರಿಂದ.

ಮೈದಾನದಲ್ಲಿ ಎಣಿಕೆ ನಿಲ್ಲಲಿಲ್ಲ. 2006ರ ಮೇ 28ರಂದು ಬಾಂಡ್ಸ್ 715ನೆಯದನ್ನು, 2007ರ ಆಗಸ್ಟ್ 7ರಂದು 756ನೆಯದನ್ನು ಬಾರಿಸಿದರು. ಸ್ಯಾನ್ ಫ್ರಾನ್ಸಿಸ್ಕೋದ ಪ್ರೇಕ್ಷಕರು ಅಂದು ಕುಣಿದರು. ಹ್ಯಾಂಕ್ ಆರನ್ ಖುದ್ದಾಗಿ ಬರದೆ, ಮೊದಲೇ ಚಿತ್ರೀಕರಿಸಿದ ಅಭಿನಂದನೆ ಪರದೆಯ ಮೇಲೆ ಮೂಡಿತು. ಆ ಋತುವಿನ ಕೊನೆಗೆ 762ಕ್ಕೆ ನಿಂತ ಬಾಂಡ್ಸ್ ಅವರನ್ನು ಮುಂದೆ ಯಾವ ತಂಡವೂ ಕರೆಯಲಿಲ್ಲ. ನವೆಂಬರ್‌ನಲ್ಲಿ ಸುಳ್ಳುಸಾಕ್ಷಿಯ ಆರೋಪಪಟ್ಟಿ ಬಂತು. ಗೆಳೆಯನ ವಿರುದ್ಧ ಬಾಯಿ ಬಿಡದ ಆಂಡರ್ಸನ್ ಅದಕ್ಕಾಗಿಯೇ ಒಟ್ಟು ಒಂದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು, ಕೊನೆಗೂ ಬಾಯಿ ಬಿಡಲಿಲ್ಲ. 2011ರ ಏಪ್ರಿಲ್‌ನಲ್ಲಿ ಜೂರಿ ಸುಳ್ಳುಸಾಕ್ಷಿಯ ಆರೋಪಗಳಲ್ಲಿ ಒಮ್ಮತಕ್ಕೆ ಬರಲಾಗದೆ, ನ್ಯಾಯಕ್ಕೆ ಅಡ್ಡಿಪಡಿಸಿದ ಒಂದೇ ಆರೋಪದಲ್ಲಿ ತಪ್ಪಿತಸ್ಥರೆಂದಿತು. ಇಂಜೆಕ್ಷನ್ ಬಗ್ಗೆ ಕೇಳಿದ ಪ್ರಶ್ನೆಗೆ ಬಾಂಡ್ಸ್ ಉತ್ತರ ಕೊಡದೆ, ಹೆಸರಾಂತ ಆಟಗಾರನ ಮಗನಾಗಿ ಬೆಳೆದ ತಮ್ಮ ಬಾಲ್ಯದ ಕುರಿತು ಸುತ್ತಿ ಬಳಸಿ ಮಾತಾಡಿದ್ದೇ ಆ ಅಪರಾಧ. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೂ ರದ್ದುಪಡಿಸಿತು.

756ನೆಯ ಹೋಮ್ ರನ್ನಿನ ಚೆಂಡನ್ನು ಉಡುಪು ವಿನ್ಯಾಸಕ ಮಾರ್ಕ್ ಎಕೊ ಹರಾಜಿನಲ್ಲಿ 7,52,467 ಡಾಲರಿಗೆ ಕೊಂಡು, ಇದನ್ನು ಏನು ಮಾಡಲಿ ಎಂದು ಅಂತರಜಾಲದಲ್ಲಿ ಜನರನ್ನೇ ಕೇಳಿದರು. ಮತ ಹಾಕಿದವರ ತೀರ್ಮಾನದಂತೆ ಚೆಂಡಿನ ಚರ್ಮದ ಮೇಲೆ ನಕ್ಷತ್ರ ಚಿಹ್ನೆ (*), ಅಂದರೆ ಈ ದಾಖಲೆ ಪ್ರಶ್ನಾರ್ಹ ಎಂಬ ಗುರುತು, ಕೊರೆಸಿ, ಅದನ್ನು ಕೂಪರ್ಸ್‌ಟೌನ್‌ನಲ್ಲಿರುವ, ಆಟದ ಮೇರು ವ್ಯಕ್ತಿಗಳನ್ನು ಗೌರವಿಸುವ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಕಳಿಸಿದರು. ದಾಖಲೆಗಳ ಪುಸ್ತಕದಲ್ಲಿ 762ರ ಮುಂದೆ ಅಂಥ ಯಾವ ಚಿಹ್ನೆಯೂ ಇಲ್ಲ. ಹಾಲ್ ಆಫ್ ಫೇಮ್‌ಗೆ ಸೇರಲು ಪತ್ರಕರ್ತರ ಶೇ 75 ಮತ ಬೇಕು. ಹತ್ತನೆಯ ಮತ್ತು ಕೊನೆಯ ಪ್ರಯತ್ನವಾದ 2022ರಲ್ಲಿ ಬಾಂಡ್ಸ್ ಅವರಿಗೆ ಬಂದದ್ದು ಶೇ 66. ಆ ಕಾಲದುದ್ದಕ್ಕೂ ಆಟವನ್ನು ನಡೆಸಿದ ಕಮಿಷನರ್ ಬಡ್ ಸೆಲಿಗ್ ಅವರಿಗೆ ಪ್ರತ್ಯೇಕ ಸಮಿತಿಯೊಂದರ ಆಯ್ಕೆಯ ಮೂಲಕ 2017ರಲ್ಲೇ ಅಲ್ಲಿ ಸ್ಥಾನ ಸಿಕ್ಕಿತ್ತು.